ಸಾಣಿಗೆ, ಸಾಣಿಗಿ

ಇವತ್ತು ಬೆಳಿಗ್ಗೆ ಅಡುಗೆಮನೆಯಿಂದ ಹಿಟ್ಟು ಸಾಣಿಸುವ ಸಪ್ಪಳ ಬಂತು. ತುಳಸಿಗೆ ನೀರು ಹಾಕುತ್ತಿದ್ದ ನಾನು ತಂಬಿಗೆ ಹಿಡಿದು ಹಾಗೆಯೇ ನಿಂತುಬಿಟ್ಟೆ. ಜೋಳದ ಹಿಟ್ಟು ಸಾಣಿಗೆಯಿಂದ ಪರಾತಕ್ಕೆ ಇಳಿಯುವ ಆ ಸರಸರ ಸದ್ದು ನಮ್ಮ ಬೈಲಹೊಂಗಲದಲ್ಲಿ ಯಾವ ಓಣಿಗೆ ಹೋದರೂ ಕೇಳುತ್ತದೆ. ಅದಕ್ಕೆ ಯಾರೂ ಹೆದರುವುದಿಲ್ಲ. ನಾನು ಹೆದರುತ್ತೇನೆ. ಅಂದಹಾಗೆ ಸಾಣಿಸುತ್ತಿದ್ದವರು ನಮ್ಮ ಮನೆಯವರು, ಅಂದರೆ ನನ್ನ ಯಜಮಾನರು. ಗಂಡಸರು ಹಿಟ್ಟು ಯಾಕೆ ಸಾಣಿಸುತ್ತಿದ್ದಾರೆ ಎಂದು ನೀವು ಕೇಳಬಹುದು. ಆಮೇಲೆ ಹೇಳುತ್ತೇನೆ, ಮರೆತರೆ ನೀವೇ ನೆನಪಿಸಬೇಕು.

ಈ ಹೆದರಿಕೆ ಶುರುವಾದದ್ದು ಮುನವಳ್ಳಿಯಲ್ಲಿ, ನನ್ನ ಅವ್ವನ ಅಡುಗೆಮನೆಯಲ್ಲಿ. ಒಂದು ದಿನ ಅವ್ವ ಹಿಟ್ಟಿನ ಡಬ್ಬಿಯ ಮುಂದೆ ನಿಂತು, ಎರಡೂ ಕೈ ಗಾಳಿಯಲ್ಲಿ ಅಲ್ಲಾಡಿಸುತ್ತ ಕೇಳಿದಳು: "ಅದ ಎಲ್ಲದ ತಂಗಿ? ಅದು... ಹಿಟ್ಟ ಹಿಂಗ ಹಿಂಗ ಮಾಡತಾರಲಾ, ಅದು?"

"ಸಾಣಿಗಿ ಏನವ್ವಾ?"

"ಹೂಂ ನೋಡು, ಸಾಣಿಗಿ! ಇತ್ತಿತ್ಲಾಗ ನೆಪ್ಪ ಹಾರಲಿಕ್ಕತ್ತದ ನಂದು."

ಇಬ್ಬರೂ ನಕ್ಕೆವು. ಹೊಟ್ಟೆ ಹಿಡಿದುಕೊಂಡು ನಕ್ಕೆವು ಎಂದು ಈಗ ಬರೆಯುವಾಗ ನನಗೆ ಮೈ ಜುಮ್ಮೆನ್ನುತ್ತದೆ. ಸಾಣಿಗೆಯ ಹಿಂದೆ ಲಟ್ಟಣಿಗೆ ಹೋಯಿತು, ಆಮೇಲೆ ವಾರಗಳು, ಆಮೇಲೆ ನೆರೆಯವರು. ಕಡೆಗೆ "ನಾನು ಯಾರು ಹೇಳು" ಎಂದು ಕೇಳಿದರೆ ಅವ್ವ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಯಾರೋ ಛಲೋ ಮನಿಯಾಕಿ ಇದ್ದೀ" ಎಂದು ಮರ್ಯಾದೆಯಿಂದ ಹೇಳುತ್ತಿದ್ದಳು.

ಅವ್ವ ತೀರಿಕೊಂಡು ಬಹಳ ಕಾಲವಾದ ಮೇಲೆ, ಅವಳಿಗೆ ಮರೆವು ಶುರುವಾದ ವಯಸ್ಸಿಗೇ ನಾನೂ ಬಂದೆ. ಪೇಟೆಯಲ್ಲಿ ಪಾತ್ರೆ ಅಂಗಡಿಗೆ ಹೋಗಿದ್ದೆ. "ಏನ್ ಕೊಡಲಿ ಬಾಯಾರ?" ಎಂದು ಅಂಗಡಿಯವರು ಕೇಳಿದರು. ಬಾಯಿ ತೆರೆದೆ, ಮಾತು ಬರಲಿಲ್ಲ. ಏನು ಬೇಕೆಂದು ನನಗೆ ಗೊತ್ತು, ಅದರ ಅಂಚು, ಅದರ ಜಾಳಿಗೆ ಎಲ್ಲ ಕಣ್ಣಿಗೆ ಕಟ್ಟಿದೆ, ಆದರೆ ಹೆಸರು ಇಲ್ಲ. ನೋಡುತ್ತಿದ್ದಂತೆ ನನ್ನ ಎರಡೂ ಕೈ ತಾವಾಗಿಯೇ ಮೇಲೆದ್ದು ಗಾಳಿಯಲ್ಲಿ ಅಲ್ಲಾಡತೊಡಗಿದವು. ಅವು ಅವ್ವನ ಕೈಗಳಂತೆಯೇ ಇದ್ದವು. ಅಂಗಡಿಯವರು ನಗುತ್ತ ಸಾಣಿಗೆ ತೆಗೆದುಕೊಟ್ಟರು. ನಾನು ಅದನ್ನು ಚೀಲದಲ್ಲಿ ಹಾಕಿಕೊಂಡು ಬೆವರುತ್ತ ಮನೆಗೆ ಬಂದೆ, ಯಾರಿಗೂ ಹೇಳಲಿಲ್ಲ.

ಹೇಳುವ ಹಾಗೂ ಇರಲಿಲ್ಲ. ಆಗ ನಾನು ಬೀಜ, ಗೊಬ್ಬರ ಮಾರುವ ಒಂದು ಕಂಪನಿಯ ಆಫೀಸಿನಲ್ಲಿ ಬಿಲ್ಲು ಮಾಡುವ ಕೆಲಸದಲ್ಲಿದ್ದೆ. ಕಿತ್ತೂರು, ಸವದತ್ತಿ, ರಾಮದುರ್ಗದಲ್ಲೂ ಅದರ ಶಾಖೆಗಳಿದ್ದವು. ಬಿಲ್ಲಿನ ಮೇಜಿನ ಬಾಯಾರಿಗೆ ಮರೆವು ಎಂಬ ಸುದ್ದಿ ಮ್ಯಾನೇಜರರ ಕಿವಿಗೆ ಬಿದ್ದರೆ ಮರುದಿನ ಆ ಕುರ್ಚಿಯಲ್ಲಿ ಬೇರೆಯವರು ಕೂತಿರುತ್ತಿದ್ದರು. ಮ್ಯಾನೇಜರು ಕೆಟ್ಟವರೇನೂ ಅಲ್ಲ, ಆದರೆ ಅವರ ಚಪ್ಪಲಿಯ ಸದ್ದಿಗೇ ನಮಗೆ ಅರ್ಧ ಜೀವ ಹೋಗುತ್ತಿತ್ತು.

ನೆನಪಿಡಬೇಕಾದದ್ದನ್ನು ಒಂದು ವಹಿಯಲ್ಲಿ ಬರೆದಿಡಬಾರದಿತ್ತೆ ಎಂದು ನೀವು ಕೇಳುತ್ತೀರಿ. ಅವ್ವನಿಗೂ ಒಂದು ವಹಿ ಕೊಟ್ಟಿದ್ದೆವು. ಎಲ್ಲಿಟ್ಟೆನೆಂಬುದನ್ನೇ ಅವಳು ಮರೆತಳು, ಅದು ಇವತ್ತಿಗೂ ಸಿಕ್ಕಿಲ್ಲ. ಇನ್ನು ಮೊಬೈಲೆಂದರೆ, ಆಫೀಸಿನ ಬಾಗಿಲಲ್ಲಿ ಒಂದು ಪೆಟ್ಟಿಗೆಯಿತ್ತು, ಎಲ್ಲರ ಮೊಬೈಲೂ ಸಂಜೆಯವರೆಗೆ ಅದರಲ್ಲೇ. ಕಂಪ್ಯೂಟರಿಗೂ ಅಷ್ಟೇ ಪಥ್ಯ. ಪೆನ್‌ಡ್ರೈವ್ ಹಾಕುವ ತೂತಿಗೆ ಪಟ್ಟಿ ಅಂಟಿಸಿದ್ದರು. ಹೊಸದೇನನ್ನೂ ಅದರೊಳಗೆ ಹಾಕುವಂತಿಲ್ಲ. ಕಂಪನಿಯದು ಬಿಟ್ಟು ಬೇರೆ ಯಾವ ಸೈಟು ಒತ್ತಿದರೂ ಕೆಂಪು ಪುಟ ಬಂದು ಗದರಿಸುತ್ತಿತ್ತು.

ದಾರಿ ತೋರಿಸಿದವಳು ರಾಮದುರ್ಗದ ಶಾಖೆಯ ಸುಮಂಗಲಾ. ಬಿಲ್ಲಿನ ನೆಪದಲ್ಲಿ ನಾವು ದಿನಾಲೂ ಫೋನಿನಲ್ಲಿ ಮಾತಾಡುತ್ತಿದ್ದೆವು. ಆಫೀಸಿನ ಈಮೇಲಿನಲ್ಲೇ ಒಂದು ಫೈಲು ಕಳಿಸಿ, "ಅಕ್ಕಾ, ಇದಕ್ಕ ವಿಕಿ ಅಂತಾರ, ಕಂಪ್ಯೂಟರಿನ ವಹಿ ಇದ್ದಂಗ. ಒಂದ ಫೈಲ್ ಅದ ನೋಡ್ರಿ. ಕಂಪ್ಯೂಟರಿನ್ಯಾಗ ಹೊಸಾದೇನೂ ಹಾಕೂದು ಬ್ಯಾಡ, ಕೂಡ್ರಸೂದು ಬ್ಯಾಡ. ಬ್ರೌಸರಿನ್ಯಾಗ ತಗೀರಿ, ಬರೀರಿ, ಉಳಸ್ರಿ. ನಾ ಇದರಾಗ ಹಪ್ಪಳದ ಪ್ರಮಾಣಾನೂ ಬರಕೊಂಡೇನಿ" ಎಂದಳು.

ಅದು ನನಗೆ ಬಹಳ ಹಿಡಿಸಿತು. ಒಂದು ಪುಟದಲ್ಲಿ 'ಅವ್ವ' ಎಂದು ಬರೆದು ಆ ಮಾತಿಗೊಂದು ಗಂಟು ಹಾಕಿದರೆ, ಒತ್ತಿದ ಕೂಡಲೇ ಅವ್ವನ ಪುಟ ತೆರೆಯುತ್ತಿತ್ತು. ಅಲ್ಲಿಂದ ಮುನವಳ್ಳಿ, ಅಲ್ಲಿಂದ ಹೊಳೆ, ಹೊಳೆಯಿಂದ ಬದನೆಕಾಯಿ. ನನ್ನ ತಲೆಯೂ ಹೀಗೇ ಓಡುತ್ತಿತ್ತಲ್ಲ! ಗಂಟು ಹಾಕಿ ಇನ್ನೂ ಬರೆಯದ ಮಾತುಗಳು ಮಾತ್ರ ಓರೆಯಾಗಿ ಕಾಣುತ್ತಿದ್ದವು. ಓರೆ ಅಕ್ಷರ ಕಂಡರೆ ನನಗೆ ಆತಂಕ. ಬರೆಯುವ ಮೊದಲೇ ಮರೆತರೆ ಎಂದು ಓಡಿ ಓಡಿ ಬರೆದೆ. ನೆರೆಯವರ ಹೆಸರು, ಅವರ ಮಕ್ಕಳ ಹೆಸರು, ಪಾತ್ರೆಪಡಗದ ಹೆಸರು, ಎಲ್ಲ. 'ಸಾಣಿಗೆ'ಗೂ ಒಂದು ಪುಟ. ಶಾಲೆಯಲ್ಲಿ ಕಲಿಸಿದಂತೆ ಶುದ್ಧವಾಗಿ ಬರೆದೆ. ಆಡುವಾಗ ಸಾಣಿಗಿ, ಬರೆಯುವಾಗ ಸಾಣಿಗೆ, ಅದು ನಮ್ಮ ಕಡೆಯವರ ಹಣೆಬರಹ. ಫೈಲಿಗೆ 'ಹಳೆಯ ಸುತ್ತೋಲೆ' ಎಂದು ಹೆಸರಿಟ್ಟೆ. ಆ ಹೆಸರಿನ ಫೈಲನ್ನು ನಮ್ಮ ಆಫೀಸಿನಲ್ಲಿ ಯಾರೂ ತೆರೆಯುವುದಿಲ್ಲ ಎಂಬುದು ನನಗೆ ಖಾತ್ರಿಯಿತ್ತು.

ಕೆಲವು ತಿಂಗಳು ನೆಮ್ಮದಿಯಿಂದಿದ್ದೆ. ಆಮೇಲೆ ಒಂದು ಬೆಳಿಗ್ಗೆ ಫೈಲು ತೆರೆದರೆ, ಹಿಂದಿನ ದಿನ ಬರೆದ ಪುಟ ಇಲ್ಲ.

ಉಳಿಸುವುದನ್ನು ಮರೆತಿರಬೇಕು ಅಂದುಕೊಂಡು ಮತ್ತೆ ಬರೆದೆ, ಉಳಿಸಿದೆ. ಮರುದಿನ ಅದೂ ಇಲ್ಲ. ಮತ್ತೆ ಬರೆದೆ. ಈ ಸಲ ಹೊರಡುವ ಮೊದಲು ಬಾಲ್‌ಪೆನ್ನಿನಿಂದ ಅಂಗೈ ಮೇಲೆ 'ಬರೆದೆ, ಉಳಿಸಿದೆ' ಎಂದು ಬರೆದುಕೊಂಡೆ. ಬೆಳಿಗ್ಗೆ ಅಂಗೈ ಬರೆದೆ ಎಂದಿತು, ಫೈಲು ಇಲ್ಲ ಎಂದಿತು. ನಾನು ಯಾರನ್ನು ನಂಬಿದೆ ಗೊತ್ತೆ? ಫೈಲನ್ನು. ಕಂಪ್ಯೂಟರು ಯಾಕೆ ಸುಳ್ಳು ಹೇಳುತ್ತದೆ? ಬರೆಯದೆಯೇ ಬರೆದೆನೆಂದು ತಿಳಿದುಕೊಂಡು ಅಂಗೈಗೆ ಶಾಯಿ ಬಳಿದುಕೊಂಡಿರುವವಳು ನಾನು. ಅವ್ವನಿಗೂ ಹೀಗೇ ಆಗಿತ್ತಲ್ಲ, ಊಟ ಮಾಡದೆಯೇ ಮಾಡಿದೆ ಎನ್ನುತ್ತಿದ್ದಳಲ್ಲ. ಕುರ್ಚಿಯಿಂದ ಎದ್ದು ಹೋದೆ. ಸಾಬೂನು ಹಚ್ಚಿ ಅಂಗೈ ಉಜ್ಜಿ ಉಜ್ಜಿ ತೊಳೆದೆ.

ಮನೆಯಲ್ಲಿ ಸುತ್ತು ಬಳಸಿ ಕೇಳಿದೆ: "ಅಲ್ರೀ, ನಿನ್ನಿ ನಾ ಏನ್ ಪಲ್ಯಾ ಮಾಡಿದ್ದೆ?"

"ಬದನಿಕಾಯಿ. ಉಪ್ಪ ಹಾಕೂದು ಮರ್ತಿದ್ದಿ, ನಾ ಹೇಳಲಿಲ್ಲ" ಎಂದು ನಮ್ಮ ಮನೆಯವರು ನಕ್ಕರು.

ನಾನು ಎದ್ದು ಹೋಗಿ ಉಪ್ಪಿನ ಡಬ್ಬಿ ತೆಗೆದು ನೋಡಿದೆ. ಹಾಳಾದ್ದು ಉಪ್ಪು, ಯಾರು ಬೇಕಾದರೂ ಮರೆಯಬಹುದು. ಆದರೆ ಹೆದರಿದವಳಿಗೆ ಎಲ್ಲವೂ ಸಾಕ್ಷಿಯೇ. ಆ ದಿನಗಳಲ್ಲಿ ನಾನು ಬಸ್ಸಿನಲ್ಲಿ ಕೂತು ನಮ್ಮ ಓಣಿಯ ಮನೆಗಳನ್ನು ಸಾಲಾಗಿ ಒಪ್ಪಿಸುತ್ತಿದ್ದೆ. ಪಕ್ಕದಲ್ಲಿ ಕೂತವರು ಸ್ತೋತ್ರವೆಂದುಕೊಂಡು ಕೈಮುಗಿದದ್ದೂ ಉಂಟು.

ಇಂಥದರಲ್ಲಿ ನದಾಫರು ಬಂದರು. ನಾಲ್ಕೂ ಶಾಖೆಗಳ ಕಂಪ್ಯೂಟರು ನೋಡಿಕೊಳ್ಳುತ್ತಿದ್ದವರು ಅವರು. ಕಂಪನಿಯದಲ್ಲದ್ದನ್ನೆಲ್ಲ ಎಲ್ಲ ಕಂಪ್ಯೂಟರುಗಳಿಂದ ಅಳಿಸಬೇಕೆಂದು ಹುಕುಂ ಆಗಿತ್ತು. ನನ್ನನ್ನು ಎಬ್ಬಿಸಿ ನನ್ನ ಕುರ್ಚಿಯಲ್ಲಿ ಕೂತರು. ನಾನು ಹಿಂದೆ ಸೆರಗು ಹಿಂಡುತ್ತ ನಿಂತೆ. ಫೈಲು ಹೋಗುತ್ತದೆ, ಅದಕ್ಕಿಂತ ಮೊದಲು ಅವರು ಓದುತ್ತಾರೆ.

"ಬಾಯಾರ, ಇಷ್ಟ ಸುತ್ತೋಲಿ ಯಾರ್ ಕಳಿಸ್ಯಾರ್ರಿ ನಿಮಗ?"

ಬಗ್ಗಿ ನೋಡಿದೆ. 'ಹಳೆಯ ಸುತ್ತೋಲೆ' ಒಂದಿರಲಿಲ್ಲ. ಡೌನ್‌ಲೋಡಿನ ಕಪಾಟಿನಲ್ಲಿ ಮೇಲಿನಿಂದ ಕೆಳಗಿನವರೆಗೂ ಅವೇ, ಒಂದೊಂದಕ್ಕೂ ಬಾಲದಲ್ಲೊಂದು ನಂಬರು. ಅವರು ಒಂದನ್ನು ತೆರೆದರು. ನಾನು ಬರೆದೇ ಇಲ್ಲ ಅಂದುಕೊಂಡಿದ್ದ ಪುಟ ಅಲ್ಲಿ ಕೂತಿತ್ತು.

ಅಷ್ಟರಲ್ಲಿ ಚಪ್ಪಲಿಯ ಸದ್ದು ಕೇಳಿಸಿತು. "ಏನ್ ನದಾಫ್, ಏನರ ಸಿಕ್ತೇನು?" ಎಂದರು ಮ್ಯಾನೇಜರು.

"ಹಳೇ ಸುತ್ತೋಲಿ ಅದಾವ್ರಿ ಸರ. ನೋಡಿ ಅಳಸ್ತೇನಿ."

ಸದ್ದು ದೂರವಾಯಿತು. ನಾನು ದನಿ ತಗ್ಗಿಸಿ ಕೇಳಿದೆ: "ನದಾಫ್ ಅಣ್ಣಾರ, ನಾ ಖರೇನ ಬರದಿದ್ದೆನೇನ್ರಿ ಇವನ್ನ?"

"ನೀವಲ್ದ ಮತ್ಯಾರ್ ಬರೀತಾರ್ರಿ? ಮದ್ಲ ಉಳಸುವಾಗ ಎಲ್ಲಿ ಇಡಲಿ ಅಂತ ಕೇಳತಿತ್ತು, ನೀವು ಹಳೇದರ ಮ್ಯಾಲ ಇಡತಿದ್ರಿ. ಕಂಪನ್ಯಾವ್ರು ಆ ಕೇಳೂದನ್ನ ಬಂದ್ ಮಾಡ್ಯಾರ. ಈಗ ಅದು ದಿನಾ ಹೊಸಾ ನಕಲ ಮಾಡಿ ಇಲ್ಲಿ ಒಗ್ಯಾಕತ್ತೈತಿ, ನೀವು ದಿನಾ ಅದ ಹಳೇದನ್ನ ತಗ್ಯಾಕತ್ತೀರಿ. ನೀವು ಮರ್ತಿಲ್ಲ ಬಿಡ್ರಿ."

ಅಳು ಬಂತು. ನದಾಫರು ನೋಡದವರಂತೆ ಪರದೆಯತ್ತ ತಿರುಗಿದರು. ಕಂಪನಿಯದು ಏನೂ ಇಲ್ಲವೆಂದು ಖಾತ್ರಿಯಾದರೆ ಸ್ವಂತದ್ದನ್ನು ತೆಗೆದುಕೊಡಲು ಅವರಿಗೆ ಅಧಿಕಾರವಿತ್ತು, ಅದಕ್ಕಾಗಿ ಓದಲೇಬೇಕಿತ್ತು. ಓದುತ್ತ ಓದುತ್ತ, "ನಮ್ಮ ಮನ್ಯಾಗ ಸಾಣಿಗಿಗೆ ಛಲ್ನಿ ಅಂತಾರ್ರಿ, ಅದನ್ನೂ ಬರಕೋರಿ" ಎಂದರು. ತೂತಿನ ಪಟ್ಟಿ ಕಿತ್ತು ಎಲ್ಲ ನಕಲುಗಳನ್ನೂ ತಮ್ಮ ಪೆನ್‌ಡ್ರೈವಿಗೆ ತುಂಬಿ ನನ್ನ ಕೈಗಿಟ್ಟರು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇವತ್ತು ತಂಬಿಗೆ ಹಿಡಿದು ನಿಲ್ಲುತ್ತಿರಲಿಲ್ಲ. ಆ ಸಂಜೆ ನಮ್ಮ ಮನೆಯವರಿಗೆ ಎಲ್ಲ ಹೇಳಿದೆ. ಪಾತ್ರೆ ಅಂಗಡಿಯಿಂದ ಅಂಗೈವರೆಗೆ ಏನೂ ಬಿಡಲಿಲ್ಲ. ಅವರು ಮನೆಯ ಕಂಪ್ಯೂಟರಿನಲ್ಲಿ ನಕಲುಗಳನ್ನು ಜೋಡಿಸಿ ಒಂದೇ ಫೈಲು ಮಾಡಲು ಕೂತರು. ಹುಡುಕುವ ಜಾಗದಲ್ಲಿ ಅವರು, ಶುದ್ಧ ಅಶುದ್ಧದ ಗೊಡವೆಯಿಲ್ಲದ ಮನುಷ್ಯ, ಆಡಿದಂತೆಯೇ 'ಸಾಣಿಗಿ' ಎಂದು ಒತ್ತಿದರು. ನಾನು ಯಾವತ್ತೂ ಹಾಗೆ ಹುಡುಕಿದವಳಲ್ಲ. ಒಂದು ಪುಟ ತೆರೆಯಿತು.

'ಅವ್ವಗ ನನ್ನ ಹೆಸರ ಮರ್ತ ಹೋತು. ಆದ್ರ ಕೈಯಾಗ ಸಾಣಿಗಿ ಕೊಟ್ರ ಹಿಟ್ಟ ಸಾಣಸ್ತಿದ್ಲು, ಒಂದ ಕಾಳ ಕೆಳಗ ಬೀಳಸ್ತಿರಲಿಲ್ಲ. ಕೈ ಮರಿಯೂದಿಲ್ಲ. ನನಗೂ ಕಡೀಕ ಸಾಣಿಗಿ ಕೊಡ್ರಿ.'

"ಛಲೋ ಬರದೀ. ಯಾವಾಗ ಬರದಿ?" ಎಂದರು.

ನನಗೆ ಗೊತ್ತಿರಲಿಲ್ಲ. ಉಳಿದ ಪುಟಗಳನ್ನು ಬರೆದ ದಿನ, ಆ ದಿನದ ಸೆಕೆ, ಕುಡಿದ ಚಹಾ ಕೂಡ ನೆನಪಿತ್ತು. ಈ ಪುಟ ಮಾತ್ರ ನಾನು ಬರೆದದ್ದೇ ಇಲ್ಲ. ಆದರೆ ಆ ಕುರ್ಚಿಯಲ್ಲಿ ಕೂತು ಅವ್ವನ ಬಗ್ಗೆ ಬರೆಯಲು ನಾನಲ್ಲದೆ ಬೇರೆ ಯಾರಿದ್ದರು? ಅವರು ನನ್ನ ಮುಖ ನೋಡಿದರು, ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಬೆಳಗಾವಿಯ ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ಈಗಲೇ ಏನೂ ಹೇಳಲಾಗದು, ನೋಡುತ್ತಿರೋಣ ಎಂದರು. ನೋಡುತ್ತಿದ್ದೇವೆ. ಕೆಲಸ ಬಿಟ್ಟು ಕೆಲವು ವರ್ಷವಾಯಿತು. ಸಾಣಿಗೆ ಕೈಗೆತ್ತಿಕೊಂಡರೆ ಹೆದರಿಕೆಯಾಗುತ್ತದೆ ಎಂದಿದ್ದಕ್ಕೆ ಹಿಟ್ಟು ಸಾಣಿಸುವುದನ್ನು ಅವರೇ ಹಿಡಿದುಕೊಂಡರು. ನೋಡಿ, ಹೇಳುತ್ತೇನೆಂದಿದ್ದೆ, ನೀವು ನೆನಪಿಸದೆಯೇ ಹೇಳಿದೆ.

ಇಷ್ಟನ್ನೂ ನಾನು ಬರೆದದ್ದು ಅದೇ ಫೈಲಿನ ಒಂದು ಹೊಸ ಪುಟದಲ್ಲಿ. ಹೆಸರು ಕೊನೆಗೆ ಕೊಡುವುದು ನನ್ನ ರೂಢಿ. ಈಗ ಮೇಲೆ ಹೋಗಿ 'ಸಾಣಿಗೆ, ಸಾಣಿಗಿ' ಎಂದು ಒತ್ತಿದೆ. ಈ ಹೆಸರಿನ ಪುಟ ಆಗಲೇ ಇದೆ ಎಂದು ಫೈಲು ಹೇಳಿತು.

ಅದನ್ನು ತೆರೆದೆ. 'ಇವತ್ತು ಬೆಳಿಗ್ಗೆ ಅಡುಗೆಮನೆಯಿಂದ ಹಿಟ್ಟು ಸಾಣಿಸುವ ಸಪ್ಪಳ ಬಂತು' ಎಂದು ಅದು ಶುರುವಾಗಿತ್ತು. ತುಳಸಿ, ತಂಬಿಗೆ, ಅವ್ವ, ನದಾಫರು, ಎಲ್ಲ ಇದ್ದರು. ಕೊನೆಯಲ್ಲಿ ನಾನು ಬರೆಯದ ಒಂದು ಸಾಲಿತ್ತು, ಅದು ಯಾರದೆಂದು ಮಾತ್ರ ನನಗೆ ತಕ್ಷಣ ಗೊತ್ತಾಯಿತು:

'ಓದಿದೆ. ಛಲೋ ಆಗೇದ. ನಾಳಿ ಮತ್ತ ಬರದ್ರ ಮತ್ತ ಓದತೇನಿ.'

"ರೊಟ್ಟಿ ಆರಲಿಕ್ಕತ್ತಾವ, ಬಾ" ಎಂದು ನಮ್ಮ ಮನೆಯವರು ಒಳಗಿನಿಂದ ಕೂಗಿದರು. ಬಂದೆ ಎಂದೆ. ಎರಡನ್ನೂ ಉಳಿಸಿ ಎದ್ದೆ.