ಜಗತ್ತಿನ ಸಭೆಗೆ ಬೇವೂರಿನ ಅರ್ಜಿ

ಯಲಬುರ್ಗಾ ಸೀಮೆಯ ಕಚೇರಿಯೊಂದರ ಎದುರು ಬೇವಿನ ಮರದಡಿ ಕುಳಿತು ಮೂವತ್ತು ವರ್ಷ ಅರ್ಜಿ ಬರೆದ ಖಾಜಾಸಾಬರು ಸುಳ್ಳು ಬರೆಯುವವರಲ್ಲ. ಊರಿಗೆಲ್ಲ ಅದು ಅವರ ದೊಡ್ಡ ಗುಣ. ಅದೇ ಗುಣ ಒಬ್ಬನ ಪಾಲಿಗೆ ಶನಿಯಾಯಿತು.

ಅರ್ಜಿಯೆಂದರೆ ಅವರಿಗೆ ನಮಾಜಿನಷ್ಟೇ ಕಟ್ಟುನಿಟ್ಟು. ಮೇಲೆ ಹೆಸರು, ತಂದೆಯ ಹೆಸರು, ಊರು, ಸದ್ಯ ಇರುವ ಠಿಕಾಣಿ. ಕೆಳಗೆ ಹೆಬ್ಬೆಟ್ಟು. ಆಮೇಲೆ ಕಚೇರಿಯ ಮೊಹರು. ಕೆಳಗಿನವರ ಮೊಹರಿಲ್ಲದ ಕಾಗದವನ್ನು ಮೇಲಿನವರು ಕಣ್ಣೆತ್ತಿ ನೋಡುವುದಿಲ್ಲ ಎನ್ನುತ್ತಿದ್ದರು. ನಿಜಾಮರ ರಾಜ್ಯದಲ್ಲಿ ಅದು ಖರೆಯೂ ಆಗಿತ್ತು.

೧೯೪೮ರ ಶ್ರಾವಣ. ಬೇವೂರಿನ ಗಿಡ್ಡಪ್ಪ ಜ್ವರ ಬಂದು ಮಲಗಿದ್ದಾಗ ಆ ಕಚೇರಿಯ ಜವಾನರು ಬಿಟ್ಟಿ ಚಾಕರಿಗೆ ಕರೆದರು. ಸಾಹೇಬರ ಡೇರೆಯ ಸಾಮಾನನ್ನು ಕೂಲಿಯಿಲ್ಲದೆ ಹೊರಬೇಕು. ಅವನು ಏಳಲಿಲ್ಲ. ಹೊಡೆದರು, ಮೂರನೆಯ ದಿನ ಸತ್ತ. ಕಣ್ಣಾರೆ ಕಂಡವನು ತಮ್ಮ ಕಾಳಪ್ಪನೊಬ್ಬನೇ. ಜವಾನರು ಅವನನ್ನೂ ಹುಡುಕತೊಡಗಿದಾಗ ತಲೆಮರೆಸಿಕೊಂಡ.

ಆಸೆ ಹಚ್ಚಿದವನು ನಾನು. ಕಚೇರಿ ಎದುರಿಗೆ ನನ್ನದೊಂದು ಕಿರಾಣಿ ಅಂಗಡಿ. ಜೋಳದ ಚೀಲದಲ್ಲಿ ಹುಬ್ಬಳ್ಳಿಯ ಪತ್ರಿಕೆ ಕದ್ದು ಬರುತ್ತಿತ್ತು. ದೇಶಗಳೆಲ್ಲ ಸೇರಿ ಒಂದು ಸಭೆ ಮಾಡಿಕೊಂಡಿವೆ, ಯಾರನ್ನೂ ಗುಲಾಮರಂತೆ ಇಟ್ಟುಕೊಳ್ಳಬಾರದೆಂದು ಅಲ್ಲಿ ಕರಾರು ಬರೆಯುತ್ತಿದ್ದಾರೆ ಎಂದು ಓದಿ ಹೇಳಿದೆ. ನನ್ನ ನಾಲಿಗೆಗೆ ಹುಳ ಬೀಳಲಿ.

ಕಾಳಪ್ಪನ ಹೆಂಡತಿ ದುರಗಮ್ಮ ಖಾಜಾಸಾಬರನ್ನು ಕೇಳಿದಳು. “ನಮ್ಮಂಥಾರು ಬರದರ ಅವ್ರು ಓದ್ತಾರೇನ್ರಿ ಕಾಕಾ?”

“ಇದ್ದದ್ದು ಇದ್ದಂಗ ಬರದರ ಯಾಕ ಓದಂಗಿಲ್ಲವ್ವ” ಎಂದರು ಖಾಜಾಸಾಬರು.

ಕಾಳಪ್ಪ ಕುಷ್ಟಗಿ ದಾರಿಯಲ್ಲಿ ತಂಗಿ ಪಕ್ಕೀರವ್ವನ ಹೊಲದ ಗುಡಿಸಲಲ್ಲಿದ್ದ. ಖಾಜಾಸಾಬರು ಅಲ್ಲಿಗೇ ಹೋಗಿ ಅವನ ಅರ್ಜಿ ಬರೆದು, ಹೆಬ್ಬೆಟ್ಟು ಒತ್ತಿಸಿಕೊಂಡು ಬಂದರು. ನಿಜಾಮರ ಸರಹದ್ದು ದಾಟಿ ಹಿಂದೂಸ್ಥಾನದ ಗಜೇಂದ್ರಗಡದಲ್ಲಿ ಟಪಾಲಿಗೆ ಹಾಕುವ ಕೆಲಸ ನನ್ನದು. ಮರುದಿನ ಕೈ ಚಾಚಿದೆ.

“ತಡಿ, ಒಂದ್ ಕೆಲಸ ಉಳದೈತಿ” ಎಂದರು. ನಾನು ಗಿರಾಕಿಗೆ ಬೆಲ್ಲ ತೂಗಿ ತಲೆಯೆತ್ತುವಷ್ಟರಲ್ಲಿ ಕಚೇರಿಯ ಮೆಟ್ಟಿಲು ಹತ್ತಿದ್ದರು. ಯಾರ ಮೇಲೆ ದೂರೋ ಅವರ ಮೇಜಿಗೇ ದೂರು ಒಯ್ದಿದ್ದರು ಪುಣ್ಯಾತ್ಮರು. ತಕ್ಕಡಿ ಬಿಟ್ಟು ಓಡಿದೆ; ಕಾಗದ ಆಗಲೇ ಗುಮಾಸ್ತನ ಕೈಯಲ್ಲಿತ್ತು.

ಗುಮಾಸ್ತ ಪೂರ್ತಿ ಓದಲಿಲ್ಲ. ಮೇಲಿನ ಸಾಲಿನ ಮೇಲೆ ಬೆರಳಿಟ್ಟು ಮೆಲ್ಲಗೆ ಕೇಳಿದ. “ಠಿಕಾಣಿ ಬರೋಬ್ಬರಿ ಐತೇನ್ರಿ ಸಾಬರ?”

“ನನ್ನ ಅರ್ಜಿಯೊಳಗ ಸುಳ್ಳು ಇರಂಗಿಲ್ರಿ.”

ಗುಮಾಸ್ತ ಮೊಹರು ಒತ್ತಿ, ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಮರ್ಯಾದೆಯಿಂದ ಕೊಟ್ಟ. ಅವನು ಅಂಥ ಮರ್ಯಾದೆ ಯಾರಿಗೂ ಕೊಟ್ಟವನಲ್ಲ. ಮೆಟ್ಟಿಲಿಳಿಯುವಾಗ ಹಿತ್ತಲಲ್ಲಿ ಕುದುರೆಗಳಿಗೆ ಜೀನು ಬಿಗಿಯುವ ಸಪ್ಪಳ ಕೇಳಿತು. ಖಾಜಾಸಾಬರು ಕಾಗದದ ಮೇಲಿನ ಸಾಲು ನೋಡಿದರು, ನನ್ನ ಸೈಕಲ್ಲಿನತ್ತ ಕೈ ತೋರಿಸಿದರು.

ನಾನು ಸೈಕಲ್ ತುಳಿದುಕೊಂಡು ಗುಡಿಸಲು ಮುಟ್ಟಿದಾಗ ಅಂಗಳದ ತುಂಬ ಗೊರಸಿನ ಗುರುತಿದ್ದವು, ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ಪಕ್ಕೀರವ್ವ ಅದನ್ನು ತೆಗೆಯದೆ ನಿಂತಿದ್ದಳು.

ಭಾದ್ರಪದದಲ್ಲಿ ಹಿಂದೂಸ್ಥಾನದ ಫೌಜು ಬಂದು ರಾಜ್ಯ ಬದಲಾಯಿತು. ಕಚೇರಿಯ ಕೋಣೆಯಲ್ಲಿ ಕೂಡಿಹಾಕಿದ್ದ ಐದು ಜನ ಹೊರಬಂದರು. ಅವರಲ್ಲಿ ಕಾಳಪ್ಪ ಇರಲಿಲ್ಲ. ಈಗ ಊರಿನ ಸಿಟ್ಟು, ನಿಜಾಮರ ಕಡೆಯವರೆಂದು, ಸಾಬರ ಮನೆಗಳತ್ತ ತಿರುಗಿತ್ತು. ರಾತ್ರಿಯಾದರೆ ಯಾರೂ ಅಲ್ಲಿ ದೀಪ ಹಚ್ಚುತ್ತಿರಲಿಲ್ಲ. ಡಿಸೆಂಬರಿನಲ್ಲಿ ಆ ದೊಡ್ಡ ಸಭೆ ಮನುಷ್ಯರ ಹಕ್ಕಿನ ಕರಾರನ್ನು ಒಪ್ಪಿತೆಂದು ಪತ್ರಿಕೆಯಲ್ಲಿ ಬಂತು. ನಾನು ಅದನ್ನು ಯಾರಿಗೂ ಓದಿ ಹೇಳಲಿಲ್ಲ.

ಅದೇ ವಾರ ದುರಗಮ್ಮ ಮರದಡಿ ಬಂದು ಕುಳಿತಳು. ಖಾಜಾಸಾಬರು ನಾಲ್ಕು ತಿಂಗಳು ನುಂಗಿಕೊಂಡದ್ದನ್ನು ಹೇಳಿಬಿಟ್ಟರು. “ಕಾಳಪ್ಪ ಎಲ್ಲಿ ಅದಾನಂತ ಅವರಿಗೆ ತಿಳಿಸಿದಾಂವ ನಾನವ್ವ.”

ಅವಳು ಸುತ್ತ ಯಾರಿದ್ದಾರೆಂದು ನೋಡಿ ದನಿ ತಗ್ಗಿಸಿದಳು.

“ಇದನ್ನ ಮತ್ಯಾರ ಮುಂದೂ ಅನಬ್ಯಾಡ್ರಿ. ನಿಮ್ಮನ್ನ ಉಳಸಂಗಿಲ್ಲ. ನನ್ನ ಗಂಡನ್ನ ಹುಡುಕಿ ಕೊಡ್ರಿ ಅಂತ ಅರ್ಜಿ ಬರಿಸೂದೈತಿ, ನನಗ ಬರದು ಕೊಡಾವ್ರು ನೀವೊಬ್ರ ಅದೀರಿ.”