ಹೊಳೆದಂಡೆಯ ಕೈಗಲ್ಲು

ಎಪ್ಪತ್ತರ ದಶಕದ ಕೊನೆಯಲ್ಲಿ ಮೈಸೂರಿನ ಹಾಸ್ಟೆಲ್ಲಿನ ಗೆಳತಿಯರು ನಿಮ್ಮೂರು ಹೊನ್ನಾಳಿಯಲ್ಲಿ ನೋಡುವಂಥದ್ದೇನಿದೆ ಎಂದು ಕೇಳಿದರೆ ನಾನು ಎರಡೇ ಹೇಳುತ್ತಿದ್ದೆ: ತುಂಗಭದ್ರೆ, ಅದರ ದಂಡೆಯ ಕೈಗಲ್ಲು. ಬಳೆ ತೊಟ್ಟು ಮೇಲೆತ್ತಿದ ಹೆಣ್ಣಿನ ಕೈಯೊಂದನ್ನು ಆ ಕಲ್ಲಿನಲ್ಲಿ ಕೆತ್ತಿದ್ದಾರೆ. ಮದುವೆ ಗೊತ್ತಾದ ಹುಡುಗಿಯರು ಅದಕ್ಕೆ ಅರಿಸಿನ ಹಚ್ಚಿ, ಆ ಅಂಗೈಗೆ ತಮ್ಮ ಅಂಗೈ ಒತ್ತಿ ಬರುವುದು ನಮ್ಮ ಓಣಿಯ ರೂಢಿ.

ಎಂ.ಎ. ಇತಿಹಾಸದ ತರಗತಿಯಲ್ಲಿ ಒಂದು ದಿನ ಅಂಥದೇ ಕೈಯ ಚಿತ್ರ ತೋರಿಸಿದರು. ಗಂಡನ ಚಿತೆಯಲ್ಲಿ ಬೆಂದವಳ ನೆನಪಿಗೆ ನಿಲ್ಲಿಸುವ ಮಾಸ್ತಿಕಲ್ಲು ಅದು. ಚಿಕ್ಕಂದಿನಲ್ಲಿ ನಾನು ನಮ್ಮೂರ ಕೈಗಲ್ಲಿನ ಮೇಲೆ ಒದ್ದೆ ಲಂಗ ಒಣಹಾಕುತ್ತಿದ್ದೆ.

ಆ ಬೇಸಿಗೆಯಲ್ಲಿ ನನ್ನ ಮದುವೆಯೂ ಗೊತ್ತಾಯಿತು. ಅವ್ವ ಅರಿಸಿನದ ಬಟ್ಟಲು ಹಿಡಿದು ನನ್ನನ್ನು ಹೊಳೆಗೆ ಕರೆದೊಯ್ದಳು. ನಾನು ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತೆ.

“ಅವ್ವಾ, ಇದು ಗಂಡನ ಜೊತೆ ಸುಟ್ಕೊಂಡೋಳ ಕೈ.”

“ಗೊತ್ತೈತೆ. ಇದನ್ನ ತಿಳ್ಕೊಳ್ಳಾಕೆ ಮೈಸೂರಿಗೆ ಹೋಗ್ಬೇಕಿತ್ತಾ?”

“ಗೊತ್ತಿದ್ದೂ ಮುಟ್ಟಿದ್ಯಾ?”

“ನಮ್ಮವ್ವ ಹೇಳೇ ಮುಟ್ಟಿಸಿದ್ಲು. ಗಂಡಗಿಂತ ಮುಂಚೆ ನಾನು ಹೋಗಂಗಾಗ್ಲಿ ಅಂತ ಬೇಡ್ಕೊಂಡೆ. ನೀನೂ ಹಂಗೇ ಬೇಡ್ಕೊ.”

ಸಾರಿಗೆ ಉಪ್ಪು ಸಾಕೇ ಎಂದು ಕೇಳುವಾಗಿನ ದನಿಯೇ ಅದು. ನನ್ನ ಕೈ ಮುಂದೆ ಬರಲಿಲ್ಲ. ಅವ್ವ ಕಲ್ಲಿಗೆ ತಾನೇ ಅರಿಸಿನ ಹಚ್ಚಿದಳು. ಆಮೇಲೆ ನನ್ನ ಹೆಸರು ಹೇಳಿ, ತನ್ನ ಅಂಗೈಯನ್ನು ಅದಕ್ಕೆ ಒತ್ತಿದಳು.