ಅಳಿಯನಿಗೊಂದು ಹಂದಿಕೂದಲ ಬ್ರಶ್ಶು

ನನ್ನ ಗಂಡ ಕೊಸಿಮೊ ಕ್ಷೌರದ ಬ್ರಶ್ಶು ಆರಿಸುವಾಗ ಅವನ ಕ್ಷೌರದಂಗಡಿಯಲ್ಲಿ ಯಾರೂ ಉಸಿರೆತ್ತೋ ಹಾಗಿಲ್ಲ. ನನ್ನನ್ನ ನೋಡೋಕೆ ಬಂದ ದಿನ ಕಾಲು ಗಂಟೆ ಕೂತು, ಒಂದು ಲೋಟ ವೈನ್ ಕುಡಿದು, 'ಆಗಬಹುದು' ಅಂತ ಎದ್ದು ಹೋದ ಪುಣ್ಯಾತ್ಮ ಇವನು. ಬ್ರಶ್ಶಿಗೆ ಮಾತ್ರ ಅರ್ಧ ದಿನ ಬೇಕು.

ವರ್ಷಕ್ಕೆರಡು ಸಲ ಉತ್ತರದ ಕಡೆಯವನೊಬ್ಬ ಸೂಟ್‌ಕೇಸ್ ತುಂಬಾ ಬ್ರಶ್ಶು ಇಟ್ಕೊಂಡು ಬರ್ತಾನೆ. ಕೊಸಿಮೊ ಮೊದಲು ಮೂಸ್ತಾನೆ. ಹಂದಿ ವಾಸನೆ ಬರಬೇಕು. ಬರಲಿಲ್ಲ ಅಂದರೆ ಮಾರೋನು ಏನೋ ಮುಚ್ಚಿಡ್ತಿದ್ದಾನೆ ಅಂತಲೇ ಅರ್ಥ. ಆಮೇಲೆ ಕೂದಲು ಹಿಡಿದು ಜಗ್ಗುತ್ತಾನೆ. ಎರಡಕ್ಕಿಂತ ಹೆಚ್ಚು ಕೈಗೆ ಬಂದರೆ ವಾಪಸ್ಸು. ಹೆಬ್ಬೆರಳಿಂದ ಬಾಗಿಸಿ ಬಿಟ್ಟರೆ ಪಟ್ಟನೆ ನೆಟ್ಟಗಾಗಬೇಕು. ಕೊನೆಗೆ ಕಣ್ಣು ಮುಚ್ಚಿ ರೆಪ್ಪೆ ಮೇಲೆ ಒತ್ತಿಕೊಳ್ತಾನೆ. ಚುಚ್ಚಿದರೆ ಇವನಿಗೆ ಸಂತೋಷವೋ ಸಂತೋಷ. ಒಂದು ಸಲ ಆ ಮಾರಾಟಗಾರ ಬ್ಯಾಡ್ಜರ್ ಅನ್ನೋ ಕಾಡುಪ್ರಾಣಿಯ ಕೂದಲಿನ ಬ್ರಶ್ಶು ತೋರಿಸಿದ. ಮೊದಲ ದಿನದಿಂದಲೇ ಬೆಣ್ಣೆ ಥರ ಇರುತ್ತಂತೆ. "ಮೊದಲ ದಿನವೇ ಮೆತ್ತಗಿದ್ದರೆ ನನಗೇನು ಕೆಲಸ?" ಅಂತ ಸೂಟ್‌ಕೇಸ್ ಮುಚ್ಚಿಸಿಬಿಟ್ಟ.

ಹೊಸ ಹಂದಿಕೂದಲು ಅಂದರೆ ಪೊರಕೆಯೇ. ಅದನ್ನ ಪಳಗಿಸಬೇಕು. ನೀರಲ್ಲಿ ನೆನೆಸಿ, ಸೋಪಿನ ನೊರೆ ಕಟ್ಟಿಸಿ, ತೊಳೆದು, ತಲೆಕೆಳಗಾಗಿ ತೂಗುಹಾಕಿ ಪೂರ್ತಿ ಒಣಗಿಸಬೇಕು. ಹಸಿ ಉಳಿದರೆ ಬುಡ ಕೊಳೆಯುತ್ತೆ, ಅದಕ್ಕೇ ದಿನ ಬಿಟ್ಟು ದಿನ. ಹೀಗೆ ಮೂವತ್ತು ನಲವತ್ತು ಸಲ ಕೆನ್ನೆ ಉಜ್ಜಿದ ಮೇಲೆ ಒಂದೊಂದು ಕೂದಲ ತುದಿಯೂ ಸೀಳಿ ಎರಡಾಗುತ್ತೆ, ಆಗ ಬ್ರಶ್ಶು ಮೆತ್ತಗಾಗುತ್ತೆ. ಆ ನಲವತ್ತು ಸಲ ಯಾರ ಕೆನ್ನೆ ಅನ್ನೋದರಲ್ಲೇ ನನ್ನ ಗಂಡನ ರಾಜಕೀಯವೆಲ್ಲ ಇರೋದು. ಬೇಕಾದವರಿಗೆ ಹಳೇದು, ಕಂಡರಾಗದವರಿಗೆ ಹೊಸದು. ಡಾಕ್ಟರು ಇವನ ಹೊಟ್ಟೆ ನೋಡಿ 'ಪಾಸ್ತಾ ಕಮ್ಮಿ ಮಾಡು ಮೇಸ್ತ್ರಿ' ಅಂದದ್ದೇ ತಪ್ಪಾಯ್ತು, ಪಾಪ, ಆರು ವಾರ ಕೆಂಪು ಕೆನ್ನೆ ಹೊತ್ಕೊಂಡು ರೋಗಿಗಳನ್ನ ನೋಡಿದರು. ನಮ್ಮೂರಲ್ಲಿ ಯಾರಿಗಾದರೂ ಯಾರ ಮೇಲಾದರೂ ಸಿಟ್ಟು ಬಂತು ಅಂದರೆ 'ಹೊಸ ಬ್ರಶ್ಶು ತೆಗೆದ' ಅಂತಲೇ ಹೇಳೋದು.

ಇಂಥವನಿಗೆ ಒಬ್ಬಳೇ ಮಗಳು, ಲುಕ್ರೇಸಿಯಾ. ಮನೆ ಮೇಲೆ, ಅಂಗಡಿ ಕೆಳಗೆ, ಮಧ್ಯೆ ಹತ್ತು ಕಲ್ಲಿನ ಮೆಟ್ಟಿಲು. ಬೆಳಗ್ಗೆ ಏಳಕ್ಕೆ ಅವಳು ಕೆಳಗಿಳಿದು ಅಪ್ಪನ ಕತ್ತಿಗಳನ್ನ ಚರ್ಮದ ಪಟ್ಟಿ ಮೇಲೆ ಮಸೆದು ಕೊಡೋದು ಹನ್ನೊಂದನೇ ವಯಸ್ಸಿಂದ ನಡೆದು ಬಂದದ್ದು. ಆ ಅರ್ಧ ಗಂಟೆ ಅಪ್ಪ ಮಗಳು ಸೇರಿ ಊರಿನವರನ್ನೆಲ್ಲ ಅಣಕಿಸಿ ಹೊಟ್ಟೆ ಹಿಡ್ಕೊಂಡು ನಗೋದು ಮೇಲೆ ನನ್ನ ಅಡುಗೆಮನೆಗೆ ಕೇಳಿಸ್ತಿತ್ತು. ನನ್ನ ಅಣಕವೂ ಅದರಲ್ಲಿ ಇರ್ತಿತ್ತು, ನನಗೇನು ಗೊತ್ತಾಗ್ತಿರಲಿಲ್ಲವಾ?

ಮಾಂಸದಂಗಡಿಯಲ್ಲಿ ಕೆಲಸಕ್ಕಿದ್ದ ದೊನಾತೊ ಅವಳನ್ನ ಮದುವೆಗೆ ಕೇಳಿದ. ಬೆಟ್ಟದ ಮೇಲಿನ ಮರ್ತೀನಾ ಅನ್ನೋ ಊರಿನ ಹುಡುಗ, ಹಂದಿ ಕಡಿದು ಮಾಂಸ ಹದ ಮಾಡೋ ಮನೆತನ. ಮದುವೆ ಆದಮೇಲೆ ಊರಿಗೆ ವಾಪಸ್ಸು ಹೋಗಿ ಅಪ್ಪನ ಜೊತೆ ದುಡಿಯೋನು. ಎಲ್ಲಾ ಸರಿ. ಆದರೆ ಅಮ್ಮನ ಜೊತೆ ಮನೆಗೆ ಬಂದು, ಕೂತು, ಕಾಫಿ ಕುಡಿದು ಕೇಳಬೇಕಾದ್ದನ್ನ ಆ ದಡ್ಡ ಅಂಗಡಿಗೆ ಬಂದು ಕೇಳಿದ. ಅದೂ ನವೆಂಬರಿನ ಸ್ಯಾನ್ ಮರ್ತೀನೊ ಹಬ್ಬದ ದಿನ, ಹೊಸ ವೈನ್ ಕುಡಿದ ಊರಿನ ಗಂಡಸರೆಲ್ಲ ಅಲ್ಲೇ ಗುಂಪು ಸೇರಿದ್ದಾಗ. ನಾಲ್ಕು ಜನ ನೋಡ್ತಿದ್ದರೆ ನನ್ನ ಗಂಡ ನೆಟ್ಟಗೆ ಉತ್ತರ ಕೊಡೋ ಜಾತಿಯಲ್ಲ.

"ನಿನ್ನ ಗಡ್ಡ ಹೇಗಿದೆ?" ಅಂತ ಕೇಳಿದ.

"ಒರಟು, ಮೇಸ್ತ್ರೀ."

"ಚರ್ಮ?"

"ಅದು ಸ್ವಲ್ಪ ನಾಜೂಕು."

ಕೊಸಿಮೊ ಹೊಸ ಬ್ರಶ್ಶೊಂದನ್ನ ಎತ್ತಿ ಎಲ್ಲರಿಗೂ ಕಾಣೋ ಹಾಗೆ ಹಿಡಿದ. "ದಿನ ಬಿಟ್ಟು ದಿನ ಬಾ. ಇದನ್ನ ನಿನ್ನ ಕೆನ್ನೆ ಮೇಲೇ ಪಳಗಿಸ್ತೀನಿ. ಇದನ್ನ ನನ್ನ ಕಣ್ಣುರೆಪ್ಪೆ ಮೇಲೆ ಇಟ್ಟಾಗ ಚುಚ್ಚಬಾರದು, ಆ ದಿನ ಮಗಳನ್ನ ಕೊಡ್ತೀನಿ. ನಡುವೆ ಒಂದು ಸಲ 'ಅಮ್ಮಾ' ಅಂದರೂ ಮಾತು ಮುರೀತು."

ಗಂಡಸರೆಲ್ಲ ಚಪ್ಪಾಳೆ ತಟ್ಟಿದರಂತೆ. ಕೆಲಸ ನೆಟ್ಟಗೆ ಮಾಡೋಕೆ ಬರದವರಿಗೆ ಇಂಥದ್ದಕ್ಕೆ ಚಪ್ಪಾಳೆ ತಟ್ಟೋಕೆ ಬರುತ್ತೆ.

ಲೆಕ್ಕ ಹಾಕಿದರೆ ಜನವರಿ ಕೊನೆಗೆ ಮುಗೀಬೇಕು. ಮಾರ್ಚ್ ಮೊದಲ ವಾರದವರೆಗೆ ಕಾರ್ನಿವಲ್, ಅದಾದ ಮೇಲೆ ಈಸ್ಟರ್‌ವರೆಗೂ ಉಪವಾಸದ ದಿನಗಳು, ಚರ್ಚಿನಲ್ಲಿ ಮದುವೆ ಇಲ್ಲ. ಲುಕ್ರೇಸಿಯಾ ನನ್ನ ಹತ್ತಿರ ಕಡ್ಡಿ ಮುರಿದ ಹಾಗೆ ಹೇಳಿದಳು: "ಅಮ್ಮಾ, ಕಾರ್ನಿವಲ್ ಮುಗಿಯೋದರೊಳಗೆ ಅಪ್ಪ ಹೂಂ ಅನ್ನದಿದ್ದರೆ ನಾವಿಬ್ಬರೂ ಓಡಿಹೋಗ್ತೀವಿ." ಓಡಿಹೋಗೋದು ನಮ್ಮ ಕಡೆ ಹೊಸದಲ್ಲ. ಒಂದು ರಾತ್ರಿ ಇಬ್ಬರೂ ಊರಲ್ಲಿ ಇಲ್ಲ ಅಂದರೆ ಮಾರನೇ ದಿನ ಯಾವ ಅಪ್ಪನೂ ಬೇಡ ಅನ್ನೋ ಹಾಗಿಲ್ಲ. ಆದರೆ ಅಂಥ ಮದುವೆ ಬೆಳಗ್ಗೆ ಆರಕ್ಕೆ, ಚರ್ಚಿನ ಪಕ್ಕದ ಬಾಗಿಲಲ್ಲಿ, ಬಿಳಿ ಉಡುಪಿಲ್ಲದೆ, ಊಟವಿಲ್ಲದೆ ಮುಗಿದುಹೋಗುತ್ತೆ. ಇರೋ ಒಬ್ಬಳೇ ಮಗಳನ್ನ ನಾನು ಹಾಗೆ ಕಳಿಸಲಾ? ನನ್ನ ನಿದ್ದೆ ಹಾರಿಹೋಯ್ತು.

ಡಿಸೆಂಬರ್ ಮಧ್ಯದ ಒಂದು ಭಾನುವಾರ ದೊನಾತೊ ಊಟಕ್ಕೆ ಬಂದ. ನೋಡ್ತೀನಿ, ಕೆನ್ನೆ ಮೊದಲ ವಾರದಷ್ಟೇ ಕೆಂಪು. ಅಷ್ಟೊತ್ತಿಗೆ ಹದಿನೈದು ಸಲ ಆಗಿತ್ತು, ಬ್ರಶ್ಶು ಸ್ವಲ್ಪವಾದರೂ ಸೋತಿರಬೇಕಿತ್ತು. ನನಗೆ ಅನುಮಾನ ಬಂತು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನಮ್ಮೂರಲ್ಲಿ ನಾಯಿಯೂ ಬೊಗಳೋಲ್ಲ, ಎಲ್ಲರೂ ಮಲಗಿರ್ತಾರೆ. ಕೊಸಿಮೊ ಗೊರಕೆ ಶುರು ಮಾಡಿದ್ದೇ ಚಪ್ಪಲಿ ಬಿಟ್ಟು ಮೆಟ್ಟಿಲಿಳಿದೆ. ಅಂಗಡಿ ಡ್ರಾಯರಿನಲ್ಲಿ ಟವೆಲ್ಲಿನ ಕೆಳಗೆ ಅರ್ಧ ಪಳಗಿದ ಬ್ರಶ್ಶು ಬೆಚ್ಚಗೆ ಮಲಗಿತ್ತು. ಗೂಟದಲ್ಲಿ ತೂಗ್ತಿದ್ದದ್ದು ಅದೇ ಕೆಂಪು ಹಿಡಿಯ ಹೊಚ್ಚ ಹೊಸದು. ಪಕ್ಕದಲ್ಲಿ ಇನ್ನೆರಡು ಕಾಗದ ಬಿಚ್ಚದೆ ಕಾಯ್ತಿದ್ದವು. ಕಳ್ಳ, ಒಂದೇ ಥರದ ನಾಲ್ಕು ಕೊಂಡಿದ್ದ!

ಅವತ್ತು ಅವನನ್ನ ಎಬ್ಬಿಸಿ ಜಾಡಿಸಬಹುದಿತ್ತು. ಜಾಡಿಸಿದ್ದರೆ ಮರ್ಯಾದೆ ಹೋಯ್ತು ಅಂತ ಇನ್ನಷ್ಟು ಬಿಗಿಯಾಗ್ತಿದ್ದ, ಇಪ್ಪತ್ತಾರು ವರ್ಷದಿಂದ ನೋಡ್ತಿದ್ದೀನಲ್ಲ. ಬಿಸಿನೀರು ಕಾಯಿಸಿದೆ, ಸೋಪು ತಗೊಂಡೆ, ನನ್ನ ಎಡಗೈ ಮುಂಗೈಯನ್ನೇ ಕೆನ್ನೆ ಅಂತ ತಿಳ್ಕೊಂಡು ಗೂಟದ ಆ ಹೊಸ ಬ್ರಶ್ಶಿಂದ ಉಜ್ಜೋಕೆ ಶುರು ಮಾಡಿದೆ. ಅವನು ಉಜ್ಜದ ದಿನ ನಾನು ಉಜ್ಜಬೇಕು, ಒಲೆ ಹತ್ತಿರ ಒಣಗಿಸಬೇಕು, ನಾಲ್ಕರೊಳಗೆ ಗೂಟಕ್ಕೆ ಸೇರಿಸಬೇಕು. ಕೈ ಉರೀತಿತ್ತು. ಆ ಹುಡುಗ ಇದನ್ನ ಮುಖದ ಮೇಲೆ ಹೇಗೆ ತಡೀತಾನೋ ಅಂತ ಅವನ ಮೇಲೆ ಅವತ್ತೇ ನನಗೆ ಗೌರವ ಬಂದದ್ದು.

ಎರಡನೇ ಬ್ರಶ್ಶು ಹೊಸ ವರ್ಷಕ್ಕೇ ಸೋತಿತು. ಕೊಸಿಮೊ ಮೂರನೇದನ್ನ ನೇತುಹಾಕಿದ. ಅದೂ ಸೋತಿತು. ಊಟಕ್ಕೆ ಕೂತಾಗ ತಲೆ ಕೆರ್ಕೊಂಡು ಹೇಳ್ತಾನೆ, "ಈಗಿನ ಹಂದಿಗಳಲ್ಲೇ ಸತ್ವ ಇಲ್ಲ ಕಣೇ ನುನ್ಸಿಯಾ."

"ಹಂದಿಗಳಿಗೂ ವಯಸ್ಸಿನ ಮಗಳು ಇರಬೇಕು, ಚಿಂತೇಲಿ ಸೊರಗಿವೆ," ಅಂದೆ.

ಕಿವಿ ಮೇಲೆ ಹಾಕ್ಕೊಳ್ಳಲಿಲ್ಲ. ತಟ್ಟೆಗೆ ಇನ್ನೊಂದು ಸೌಟು ಹಾಕಿಸ್ಕೊಂಡ.

ಈ ಕಡೆ ಲುಕ್ರೇಸಿಯಾಗೆ ತಾಳ್ಮೆ ಮುಗಿದಿತ್ತು. ಬಸ್ಸಿನ ಟೈಮು ಕೇಳ್ಕೊಂಡು ಬಂದಿದ್ದಳು. ದೊನಾತೊ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. "ಬ್ರಶ್ಶು ಮುಗೀಲಿ" ಅನ್ನೋದೊಂದೇ ಪಾಠ. "ನೀನು ಮದುವೆ ಆಗ್ತಿರೋದು ನನ್ನನ್ನೋ ನಮ್ಮಪ್ಪನ್ನೋ?" ಅಂತ ಅವಳು ಬಾವಿಕಟ್ಟೆ ಹತ್ತಿರ ಎಲ್ಲರೆದುರು ಕೇಳಿದಳು. ಅವನು ಕೆನ್ನೆ ಸವರ್ಕೊಂಡು ಮಾಂಸದಂಗಡಿಗೆ ವಾಪಸ್ಸು ಹೋದನಂತೆ.

ಜನವರಿ ಮುಗೀತಾ ಬಂತು. ಗೂಟದ ಮೇಲೆ ನಾಲ್ಕನೇ ಬ್ರಶ್ಶು, ಕೊನೇದು. ಸೂಟ್‌ಕೇಸಿನವನು ಬೇಸಿಗೆವರೆಗೂ ಬರೋಲ್ಲ. ನಾನು ಈ ಸಲ ದಿನವೂ ಉಜ್ಜಿದೆ, ದಿನ ಬಿಟ್ಟು ದಿನ ಅನ್ನೋ ನಿಯಮವನ್ನೆಲ್ಲ ಗಾಳಿಗೆ ತೂರಿದೆ. ಮೂರು ವಾರದಲ್ಲಿ ಬ್ರಶ್ಶು ಬೆಕ್ಕಿನ ಮರಿ ಬೆನ್ನಿನಂತಾಯ್ತು. ಬದಲಿಸೋಕೆ ಬೇರೆ ಇಲ್ಲದ ನನ್ನ ಗಂಡ ಏನು ಮಾಡಿದ? ಅದನ್ನ ರೆಪ್ಪೆ ಮೇಲೆ ಇಟ್ಕೊಂಡು, "ಊಹೂಂ, ಇನ್ನೂ ಚುಚ್ಚುತ್ತೆ," ಅಂತ ರಾಜಾರೋಷವಾಗಿ ಸುಳ್ಳು ಹೇಳೋಕೆ ಶುರು ಮಾಡಿದ. ರೆಪ್ಪೆ ಅವನದು, ಯಾರು ಪರೀಕ್ಷೆ ಮಾಡ್ತಾರೆ?

ಸಿಟ್ಟಿನಲ್ಲಿ ನನಗೆ ಒಂದು ಎಡವಟ್ಟಾಯ್ತು. ಶನಿವಾರ ಬೆಳಗ್ಗೆ ಕೊಸಿಮೊ ಕಾಫಿಗೆ ಹೋದಾಗ ಇಳಿದು ನೋಡ್ತೀನಿ, ಹಿಂದಿನ ಮಧ್ಯಾಹ್ನ ಉಜ್ಜಿದ ಬ್ರಶ್ಶು ಇನ್ನೂ ಹಸಿ. ಒಲೆ ಮೇಲಿನ ಹಲಗೆಯಲ್ಲಿ ಇಟ್ಟೆ. ಕೆಳಗೆ ಬಾಣಲೆಯಲ್ಲಿ ಮಧ್ಯಾಹ್ನದ ಪಾಸ್ತಾಗೆ ಎಣ್ಣೆ, ಬೆಳ್ಳುಳ್ಳಿ, ಉಪ್ಪು ಹಾಕಿದ ಸಣ್ಣ ಮೀನು, ಎಲ್ಲಾ ಚೊಂಯ್ ಅಂತಿತ್ತು. ಒಣಗಿದ್ದೇ ತಗೊಂಡು ಹೋಗಿ ಗೂಟಕ್ಕೆ ಸಿಗಿಸಿ ಬಂದೆ. ಮೂಗು ನನ್ನದೇ, ಆದರೆ ಅಡುಗೆಮನೆ ವಾಸನೆ ಅಡುಗೆ ಮಾಡೋಳಿಗೆ ತಿಳಿಯೋದಿಲ್ಲ.

ಹತ್ತು ಗಂಟೆಗೆ ಅಂಗಡಿ ತುಂಬಿತ್ತು. ದೊನಾತೊ ಕುರ್ಚಿಯಲ್ಲಿ ಕೂತಿದ್ದ. ಕೊಸಿಮೊ ಬಿಸಿನೀರಲ್ಲಿ ಅದ್ದಿ ಒಂದು ಕೆನ್ನೆಗೆ ನೊರೆ ಹಚ್ಚಿದ್ದೇ ತಡ, ಘಮ ಎದ್ದಿತು. ಸರದಿಗೆ ಕಾಯ್ತಿದ್ದ ಪೋಸ್ಟ್ ಮಾಸ್ತರ್ ಎಜಿದಿಯೊ ಪೇಪರ್ ಇಳಿಸಿ ಕೇಳಿದ, "ಮೇಸ್ತ್ರಿ, ಹುಡುಗನಿಗೆ ಕ್ಷೌರ ಮಾಡ್ತಿದ್ದೀಯೋ, ಒಗ್ಗರಣೆ ಹಾಕ್ತಿದ್ದೀಯೋ?"

ಅಂಗಡಿಯೆಲ್ಲ ನಕ್ಕಿತು. ಕೊಸಿಮೊ ಬ್ರಶ್ಶನ್ನ ಮೂಗಿಗೆ ಹಿಡಿದ, ಆಮೇಲೆ ಮೆಟ್ಟಿಲ ಕಡೆ ತಿರುಗಿ ನನ್ನ ಹೆಸರು ಕೂಗಿದ. ಸೌಟು ಹಿಡ್ಕೊಂಡೇ ಇಳಿದೆ. ಹಿಂದೆ ಲುಕ್ರೇಸಿಯಾನೂ ಇಳಿದಳು.

"ಇದು ನಿನ್ನ ಕೈವಾಡ," ಅಂದ.

"ಹೌದು, ಈ ಕೈದೇ," ಅಂತ ಅಂಗಿ ತೋಳು ಮಡಚಿ ಕೆಂಪಾದ ಮುಂಗೈ ತೋರಿಸಿದೆ. "ನನ್ನದನ್ನ ನೋಡಿ ಆಯ್ತಲ್ಲ, ಈಗ ನಿನ್ನದನ್ನ ನೋಡೋಣ." ಡ್ರಾಯರ್ ಎಳೆದು ಮೂರು ಕೆಂಪು ಹಿಡಿಯ ಬ್ರಶ್ಶುಗಳನ್ನ ಕನ್ನಡಿ ಮುಂದೆ ಸಾಲಾಗಿ ನಿಲ್ಲಿಸಿದೆ.

ನಗು ನಿಂತುಹೋಯ್ತು. ಇಷ್ಟು ದಿನ ಅವನ ಪರವಾಗಿದ್ದ ಗಂಡಸರೂ ಈಗ ನೆಲ ನೋಡಿದರು. ಲುಕ್ರೇಸಿಯಾ ಅಪ್ಪನ ಮುಖ ನೋಡಿದಳು, ಬ್ರಶ್ಶುಗಳನ್ನ ನೋಡಿದಳು. "ನಾಳೆ ಬೆಳಗ್ಗೆ ಬಸ್ಸಿದೆ ದೊನಾತೊ," ಅಂದಳು. "ನೀನು ಬಂದರೂ ಹೋಗ್ತೀನಿ, ಬರದಿದ್ದರೂ ಹೋಗ್ತೀನಿ."

ಕೊಸಿಮೊ ಆ ಮೂರು ಬ್ರಶ್ಶುಗಳ ಮೇಲೆ ಟವೆಲ್ ಎಳೆದು ಮುಚ್ಚಿದ. ಸಿಟ್ಟಲ್ಲಿದ್ದ ನನಗೂ ಅಯ್ಯೋ ಪಾಪ ಅನ್ನಿಸಿತು.

ಮಾತಾಡಿದವನು ದೊನಾತೊ, ಒಂದೇ ಕೆನ್ನೆಗೆ ನೊರೆ ಇಟ್ಕೊಂಡು. "ನನಗೆ ಮೊದಲಿಂದ ಗೊತ್ತಿತ್ತು," ಅಂದ.

"ಏನು ಗೊತ್ತಿತ್ತು?" ಅಂತ ಕೊಸಿಮೊ ಕೇಳಿದ.

"ಬ್ರಶ್ಶು ಬದಲಾಗಿದ್ದು. ಮೊದಲನೇದು ಕರೀ ಹಂದಿಯ ಬೆನ್ನಿನ ಕೂದಲು. ಎರಡನೇದರಲ್ಲಿ ಪಕ್ಕೆದೂ ಸೇರಿದೆ. ಹುಟ್ಟಿದಾಗಿನಿಂದ ಹಂದಿ ಕೂದಲು ಕೆರೆದವನು ಮೇಸ್ತ್ರೀ ನಾನು, ಕೆನ್ನೆಗೆ ತಾಗಿದರೆ ತಿಳಿಯೋದಿಲ್ಲವಾ?"

"ಹಾಗಿದ್ದರೆ ಬಾಯಿ ಬಿಟ್ಟು ಹೇಳೋಕೇನಾಗಿತ್ತು ನಿನಗೆ?" ಅಂತ ಲುಕ್ರೇಸಿಯಾ ಅವನ ಮೇಲೇ ಎಗರಿದಳು. ನನ್ನ ಮಗಳೇ ಸರಿ.

ಅವನು ಅವಳನ್ನ ನೋಡಲಿಲ್ಲ, ಕೊಸಿಮೊನನ್ನ ನೋಡಿದ. "ಏಳು ಗಂಟೆಗೆ ಮಾಂಸದಂಗಡಿ ಬಾಗಿಲು ತೆಗೆಯುವಾಗ ನೀವಿಬ್ಬರೂ ಇಲ್ಲಿ ನಗೋದು ರಸ್ತೆಗೆ ಕೇಳಿಸುತ್ತೆ. ನಾನು ಕರ್ಕೊಂಡು ಹೋದಮೇಲೆ ಅದು ಇರೋಲ್ಲ. ನಿಮಗೆ ಇನ್ನಷ್ಟು ದಿನ ಬೇಕು ಅನ್ನಿಸಿತು. ನನ್ನ ಹತ್ತಿರ ಕೊಡೋಕೆ ಇದ್ದದ್ದು ಕೆನ್ನೆ ಒಂದೇ."

ಲುಕ್ರೇಸಿಯಾ ಕೋಪ ಎಲ್ಲಿ ಇಡೋದು ಅಂತ ತಿಳಿಯದೆ ಟವೆಲ್ ಮಡಚೋಕೆ ಶುರು ಮಾಡಿದಳು.

ಕೊಸಿಮೊ ಉಳಿದ ಕೆನ್ನೆಗೂ ನೊರೆ ಹಚ್ಚಿದ. ನಿಧಾನವಾಗಿ ಕ್ಷೌರ ಮುಗಿಸಿದ, ಎಲ್ಲೂ ಒಂದು ಗೀರು ಬೀಳಲಿಲ್ಲ. ಮುಖ ಒರೆಸಿ, ಎಜಿದಿಯೊ ಕಡೆ ತಿರುಗಿ, "ಕಾರ್ನಿವಲ್ ಮುಗಿಯೋಕೆ ಇನ್ನೆಷ್ಟು ದಿನ ಇದೆ?" ಅಂತ ಕೇಳಿದ.

"ಹದಿನೇಳು."

"ಬೇಕಾದಷ್ಟಾಯ್ತು," ಅಂದ. ಆಮೇಲೆ ದೊನಾತೊನನ್ನ ಎಬ್ಬಿಸಿ, ಆ ಕುರ್ಚಿಯಲ್ಲಿ ತಾನೇ ಕೂತ. ಇಪ್ಪತ್ತಾರು ವರ್ಷದಲ್ಲಿ ಅವನು ಅದರಲ್ಲಿ ಕೂತದ್ದನ್ನ ನಾನು ನೋಡಿರಲಿಲ್ಲ. ಬಟ್ಟೆ ಎಳೆದು ಕುತ್ತಿಗೆಗೆ ಸುತ್ಕೊಂಡು, "ಮಾವನ ಮುಖ ಹೇಗಿರುತ್ತೆ ಅಂತ ನೀನೂ ಕಲಿ," ಅಂದ.

ದೊನಾತೊ ಅದೇ ಬ್ರಶ್ಶನ್ನ ಅದ್ದಿ, ಹಂದಿ ತೊಳೆಯೋ ಹಾಗೆ, ಆದರೆ ಮೆಲ್ಲಗೆ, ನೊರೆ ಕಟ್ಟಿದ. ಎರಡು ಸುತ್ತು ಹಾಕೋದರೊಳಗೆ ಕೊಸಿಮೊನ ಕಣ್ಣಿಂದ ನೀರು ಇಳಿದು ನೊರೆಯೊಳಗೆ ಸೇರಿತು.

"ಚುಚ್ಚುತ್ತೆ ಕಣೋ ಇದು," ಅಂದ ನನ್ನ ಗಂಡ. "ಇನ್ನೂ ಪಳಗಿಲ್ಲ."

"ಹೌದು ಮಾವ," ಅಂದ ದೊನಾತೊ, "ಸ್ವಲ್ಪ ಚುಚ್ಚುತ್ತೆ."

ಇಡೀ ಅಂಗಡಿಯಲ್ಲಿ ಅಷ್ಟು ಮೆತ್ತಗಿನ ಬ್ರಶ್ಶು ಇನ್ನೊಂದಿರಲಿಲ್ಲ. ನಾನು ಹೇಳೋಕೆ ಹೋಗಲಿಲ್ಲ.